ಬಡಿಸುವ ಕೈಗೂ ಒಂದು ತಟ್ಟೆ

ಮನೆಮಂದಿಗೆಲ್ಲ ಹೊಟ್ಟೆ ತುಂಬ ಬಡಿಸಿ, ತಾನು ಮಾತ್ರ ತಳದ ತಿಳಿಸಾರಿನಲ್ಲಿ ಊಟ ಮುಗಿಸುವ ಗೃಹಿಣಿಗಾಗಿ ಈ ಲೇಖನ.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ ನಿಮಗೆಲ್ಲ ಗೊತ್ತು. ಆದರೆ ಮನೆಯಲ್ಲಿ ಊಟ ಬಲ್ಲವರು ಯಾರು? ಯಜಮಾನರಿಗೆ ಖಾರ ಎಷ್ಟಿರಬೇಕು, ಮಾವನವರಿಗೆ ಮುದ್ದೆ ಎಷ್ಟು ಮೆತ್ತಗಿರಬೇಕು, ಮಗನಿಗೆ ಯಾವ ಪಲ್ಯ ಸೇರದು, ಇದೆಲ್ಲ ಬಲ್ಲವರು ನೀವು. ಹಾಗಾದರೆ ಗಾದೆಯ ಪ್ರಕಾರ ರೋಗವಿಲ್ಲದೆ ಇರಬೇಕಾದವರೂ ನೀವೇ. ಆದರೆ ಹಾಗಿಲ್ಲವಲ್ಲ, ಏಕೆ?

ಚಿಂತಾಮಣಿಯಲ್ಲಿರುವ ನಮ್ಮ ಅತ್ತಿಗೆಯ ವಿಷಯ ಹೇಳುತ್ತೇನೆ. ಅವರೆಕಾಯಿ ಕಾಲದಲ್ಲಿ ಒಮ್ಮೆ ಅವರ ಮನೆಗೆ ಹೋಗಿದ್ದೆ. ಹಿತಿಕಿದ ಬೇಳೆ ಸಾರು, ಬಿಸಿ ಮುದ್ದೆ, ಅನ್ನ. ಸಾರಿನ ಘಮ ಬೀದಿಗೇ ಹರಡಿತ್ತು. ಅಣ್ಣ, ಮಕ್ಕಳು, ಬಂದವರು ಎಲ್ಲರದೂ ಆದ ಮೇಲೆ ಅತ್ತಿಗೆ ಒಲೆಯ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಕೂತರು. ತಟ್ಟೆಯಲ್ಲಿ ಅರ್ಧ ಮುದ್ದೆ, ಮೇಲೆ ಬರೀ ತಿಳಿ.

“ಅತ್ತಿಗೆ, ಕಾಳು ಹಾಕ್ಕೊಳ್ಳಿ” ಅಂದೆ.

“ಕಾಳೆಲ್ಲಿ ಬಂತು, ಹುಡುಗರ ತಟ್ಟೆಗೆ ಹೋಯ್ತು. ನಂಗೆ ಇಷ್ಟೇ ಸಾಕು ಬಿಡಮ್ಮ” ಅಂದರು.

ಊಟವಾದ ಕೂಡಲೇ ಒಂದು ಲೋಟ ಗಟ್ಟಿ ಟೀ. ಆಮೇಲೆ ಬಟ್ಟೆ ಒಣಗಿಸಲು ಮಹಡಿ ಹತ್ತಿದವರು ನಡುವೆ ಎರಡು ಸಲ ನಿಂತರು, ಏದುಸಿರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಬಿಳಿಚಿಕೊಂಡಿತ್ತು. ಬಲವಂತ ಮಾಡಿ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದೆ. ಹಿಮೋಗ್ಲೋಬಿನ್ 8.4 ಗ್ರಾಂ. ಬಸುರಿಯಲ್ಲದ ಹೆಂಗಸಿಗೆ 12 ಗ್ರಾಂ ಆದರೂ ಇರಬೇಕು, ಬಸುರಿಗೆ 11.

ಅವರ ಮನೆಯಲ್ಲಿ ಬಡತನವೇನೂ ಇಲ್ಲ. ಹಿತ್ತಿಲಲ್ಲಿ ನುಗ್ಗೆಮರ, ಮನೆಯಲ್ಲಿ ರಾಗಿ ಮೂಟೆ, ಡಬ್ಬದಲ್ಲಿ ಹುರುಳಿಕಾಳು ಎಲ್ಲ ಇದೆ. ಅದು ಅವರ ತಟ್ಟೆಗೆ ಬರುತ್ತಿಲ್ಲ, ಅಷ್ಟೆ. ಇದು ಒಬ್ಬರ ಕಥೆಯೂ ಅಲ್ಲ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ನಿಮ್ಮ ಬೀದಿಯಲ್ಲಿ ಹತ್ತು ಮನೆ ಇದ್ದರೆ ಲೆಕ್ಕ ಹಾಕಿ ನೋಡಿ.

ಊಟ ಮಾಡುವ ಮೂರು ಕೆಲಸ

ಊಟ ಎಂದರೆ ಹೊಟ್ಟೆ ತುಂಬಿಸುವುದು ಮಾತ್ರವಲ್ಲ. ಅದು ಮೂರು ಕೆಲಸ ಮಾಡಬೇಕು. ಮೊದಲನೆಯದು ದುಡಿಯಲು ಶಕ್ತಿ ಕೊಡುವುದು. ರಾಗಿ, ಅಕ್ಕಿ, ಗೋಧಿ, ಎಣ್ಣೆ, ಬೆಲ್ಲ ಈ ಕೆಲಸಕ್ಕೆ. ಎರಡನೆಯದು ಮೈ ಬೆಳೆಸುವುದು, ಸವೆದದ್ದನ್ನು ಸರಿಪಡಿಸುವುದು. ಬೇಳೆ, ಕಾಳು, ಹಾಲು, ಮೊಟ್ಟೆ, ಮಾಂಸದಲ್ಲಿರುವ ಸಸಾರಜನಕ, ಈಗ ಎಲ್ಲರೂ ಪ್ರೋಟೀನ್ ಎನ್ನುತ್ತಾರಲ್ಲ, ಅದು ಇದಕ್ಕೆ. ಮೂರನೆಯದು ಕಾಯಿಲೆಯಿಂದ ಕಾಯುವುದು. ಸೊಪ್ಪು, ತರಕಾರಿ, ಹಣ್ಣುಗಳ ಜೀವಸತ್ವ ಮತ್ತು ಲವಣಾಂಶ ಇದಕ್ಕೆ. ನಮ್ಮ ತಟ್ಟೆಯಲ್ಲಿ ಮೊದಲನೆಯದು ಬೇಕಾದಷ್ಟಿರುತ್ತದೆ. ಉಳಿದ ಎರಡು ಬಡಿಸುವಾಗಲೇ ಮುಗಿದುಹೋಗುತ್ತವೆ.

ಯಾವ ಪದಾರ್ಥದಲ್ಲಿ ಏನಿದೆ ಎಂದು ನಮ್ಮ ದೇಶದಲ್ಲಿ ಲೆಕ್ಕ ಹಾಕುವ ಕೆಲಸ ಶುರುವಾದದ್ದು ನೀಲಗಿರಿಯ ಕೂನೂರಿನಲ್ಲಿ. 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಅಲ್ಲಿ ಒಂದು ಚಿಕ್ಕ ಪ್ರಯೋಗಶಾಲೆ ಆರಂಭಿಸಿದರು. ಅವರು ಇಲಿಗಳನ್ನು ಗುಂಪು ಮಾಡಿ, ದೇಶದ ಬೇರೆ ಬೇರೆ ಭಾಗದ ಜನ ತಿನ್ನುವ ಊಟವನ್ನು ಒಂದೊಂದು ಗುಂಪಿಗೆ ಕೊಟ್ಟು ನೋಡಿದರು. ಧಾನ್ಯದ ಜೊತೆ ಬೇಳೆ, ಹಾಲು, ತರಕಾರಿ ತಿಂದ ಇಲಿಗಳು ಚೆನ್ನಾಗಿ ಬೆಳೆದವು. ಬರೀ ಪಾಲಿಶ್ ಅಕ್ಕಿ, ಅಷ್ಟಿಷ್ಟು ತರಕಾರಿ ತಿಂದವು ಸೊರಗಿದವು. ಆ ಸಂಸ್ಥೆಯೇ 1958ರಲ್ಲಿ ಹೈದರಾಬಾದಿಗೆ ಬಂದು ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಇಲ್ಲಿ ಕೊಟ್ಟಿರುವ ಲೆಕ್ಕವೆಲ್ಲ ಹೆಚ್ಚುಕಡಿಮೆ ಅವರದೇ.

ಹಿಟ್ಟಿನ ಬೆಲೆ

ನಮ್ಮ ಕಡೆ ಮುದ್ದೆಗೆ ‘ಹಿಟ್ಟು’ ಅಂತಲೇ ಹೆಸರು. ಗಡಿ ಕಡೆಯ ತೆಲುಗಿನವರಿಗೆ ಅದು ಸಂಗಟಿ. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ ರಾಗಿಯನ್ನೇ ಗೆಲ್ಲಿಸಿದರು. ಆದರೂ ನೆಂಟರು ಬಂದರೆ ಮುದ್ದೆ ಮಾಡಲು ಸಂಕೋಚ, ಅನ್ನವೇ ಮರ್ಯಾದೆ ಎಂದು ತಿಳಿದ ಮನೆಗಳು ಇನ್ನೂ ಇವೆ.

ಲೆಕ್ಕ ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಇದೆ. ಅಷ್ಟೇ ತೂಕದ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ. ಹಸುವಿನ ಹಾಲಿನಲ್ಲಿ 120ರ ಆಸುಪಾಸು. ದೊಡ್ಡ ಹೆಂಗಸಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು. ಸಾಧಾರಣ ಗಾತ್ರದ ಎರಡು ಮುದ್ದೆಗೆ 150 ಗ್ರಾಂ ಹಿಟ್ಟು ಹಿಡಿಯಿತೆಂದರೆ ಅರ್ಧ ಅಲ್ಲಿಗೇ ಬಂತು. ಉಳಿದರ್ಧಕ್ಕೆ ಮೊಸರು, ಮಜ್ಜಿಗೆ, ಸೊಪ್ಪು ಇದ್ದೇ ಇವೆ. ನಲವತ್ತೈದು ದಾಟಿ ಮುಟ್ಟು ನಿಲ್ಲುವ ಕಾಲಕ್ಕೆ ಹೆಂಗಸರ ಮೂಳೆ ಸವೆಯುವುದು ಜಾಸ್ತಿಯಾಗುತ್ತದೆ. ಆಗ ಮುದ್ದೆ ಬಿಡುವುದಲ್ಲ, ಹಿಡಿಯಬೇಕು.

ಆದರೆ ಒಂದು ಮಾತು. ರಾಗಿಯ ಸಿಪ್ಪೆಯಲ್ಲಿರುವ ಒಗರು ಮತ್ತು ಫೈಟೇಟ್ ಎಂಬ ಅಂಶ ಕಬ್ಬಿಣ, ಸುಣ್ಣವನ್ನು ಹಿಡಿದಿಟ್ಟುಕೊಂಡು ಮೈಗೆ ಪೂರ್ತಿ ಹತ್ತಲು ಬಿಡುವುದಿಲ್ಲ. ನಮ್ಮ ಅಜ್ಜಿಯರು ರಾಗಿ ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಹಿಟ್ಟು ಮಾಡುತ್ತಿದ್ದರಲ್ಲ, ಅದು ಈ ಅಡ್ಡಿಯನ್ನು ಕಡಿಮೆ ಮಾಡುತ್ತದೆ. ಹುಳಿ ಬರಿಸಿದ ಅಂಬಲಿಯೂ ಹಾಗೆಯೇ. ಮಕ್ಕಳಿಗೆಂದು ಅಂಗಡಿಯಿಂದ ತರುವ ಡಬ್ಬದ ಪುಡಿಯಲ್ಲಿ ಎಷ್ಟು ಸಕ್ಕರೆ ಇದೆ ಎಂದು ಡಬ್ಬ ತಿರುಗಿಸಿ ಓದಿ. ಆಮೇಲೆ ಮೊಳಕೆ ರಾಗಿಹಿಟ್ಟಿನ ಗಂಜಿಯ ಜೊತೆ ಹೋಲಿಸಿ ನೀವೇ ತೀರ್ಮಾನ ಮಾಡಿ.

ಕಾಳು ತಳದಲ್ಲಿರುತ್ತದೆ

ರಾಗಿಯಲ್ಲಿ ಪ್ರೋಟೀನ್ ಕಡಿಮೆ, ನೂರಕ್ಕೆ 7 ಗ್ರಾಂನಷ್ಟು. ಅದರಲ್ಲೂ ಲೈಸಿನ್ ಎಂಬ ಒಂದು ಅಂಶ ಸಾಲದು. ಆ ಲೈಸಿನ್ ಕಾಳು-ಬೇಳೆಯಲ್ಲಿ ಧಾರಾಳ. ಕಾಳಿನಲ್ಲಿ ಕಡಿಮೆ ಇರುವ ಮಿಥಿಯೋನಿನ್ ರಾಗಿಯಲ್ಲಿದೆ. ಹಿಟ್ಟು-ಕಾಳುಸಾರು ಜೋಡಿ ಸುಮ್ಮನೆ ಕೂಡಿಬಂದದ್ದಲ್ಲ ನೋಡಿ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ಹುರುಳಿ, ತೊಗರಿ, ಹೆಸರು, ಒಣ ಅವರೆ ಇವುಗಳಲ್ಲಿ ನೂರಕ್ಕೆ 20 ಗ್ರಾಂಗೂ ಮೇಲೆ ಇದೆ. ಚಿಂತಾಮಣಿ, ಬಾಗೇಪಲ್ಲಿ ಕಡೆಯ ಕಡಲೆಕಾಯಿಯಲ್ಲಿ ನೂರಕ್ಕೆ 25ರ ಹತ್ತಿರ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಆದರೆ ಸಾರಿನ ತಿಳಿಯಲ್ಲಿ ಕಾಳಿನ ರುಚಿ ಇರುತ್ತದೆಯೇ ಹೊರತು ಪ್ರೋಟೀನ್ ಅಷ್ಟಿರುವುದಿಲ್ಲ. ಅದು ಕಾಳಿನಲ್ಲೇ ಉಳಿದಿರುತ್ತದೆ. ಸೌಟು ತಳಕ್ಕೆ ಹಾಕಿ ಬಡಿಸಿ, ಕೊನೆಯ ತಟ್ಟೆಗೂ.

ಬೆರಕೆ ಸೊಪ್ಪು, ಬಸ್ಸಾರು

ಮಳೆ ಬಿದ್ದು ಹೊಲ ಹಸುರಾದ ಮೇಲೆ ನಮ್ಮ ಕಡೆ ಹೆಂಗಸರು ಮಡಿಲು ತುಂಬ ಬೆರಕೆ ಸೊಪ್ಪು ತರುತ್ತಾರೆ. ಅಣ್ಣೆ, ಗೋಣಿ, ಕಿರಕಸಾಲೆ, ಹೊನಗೊನ್ನೆ, ಕನ್ನೆ, ಹೀಗೆ ಕೈಗೆ ಸಿಕ್ಕ ಹತ್ತು ಬಗೆ. ಪೇಟೆಯಲ್ಲಿರುವ ನಿಮಗೆ ಅದು ಸಂತೆಯಲ್ಲಿ ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ ದಂಟು, ಹರಿವೆ, ಮೆಂತ್ಯ, ಸಬ್ಬಸಿಗೆ, ನುಗ್ಗೆಸೊಪ್ಪು ಸಾಕು. ಸೊಪ್ಪು ಮೊದಲು ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿ ತೊಳೆದರೆ ಜೀವಸತ್ವ ಬಚ್ಚಲಿಗೆ ಹೋಗುತ್ತದೆ. ಬೇಯಿಸಿದ ನೀರು ಚೆಲ್ಲಬೇಡಿ. ಈ ವಿಷಯದಲ್ಲಿ ನಮ್ಮ ಬಸ್ಸಾರು ಎಷ್ಟು ಜಾಣತನದ ಅಡಿಗೆ ನೋಡಿ: ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ, ಏನೂ ಹಾಳಿಲ್ಲ.

ಕಬ್ಬಿಣದ ಲೆಕ್ಕ, ಟೀ ಲೋಟ

ತಿಂಗಳು ತಿಂಗಳು ರಕ್ತ ಹೋಗುವುದರಿಂದ ಹೆಂಗಸಿಗೆ ಗಂಡಸಿಗಿಂತ ಹೆಚ್ಚು ಕಬ್ಬಿಣ ಬೇಕು. ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಆದರೆ ನಮಗೆ 29. ಈಗ ಕೂಡಿಸಿ. ಎರಡು ಮುದ್ದೆಯಿಂದ 6, ಒಂದು ಹಿಡಿ ಹುರುಳಿಯಿಂದ 3, 100 ಗ್ರಾಂ ಸೊಪ್ಪಿನಿಂದ ಸುಮಾರು 4. ಹದಿಮೂರಾಯಿತು, ಅರ್ಧವೂ ತುಂಬಲಿಲ್ಲ. ಅದೂ ಕಾಳು, ಸೊಪ್ಪು ಪೂರ್ತಿ ತಿಂದವರ ಲೆಕ್ಕ. ತಿಳಿಸಾರಿನಲ್ಲಿ ಅರ್ಧ ಮುದ್ದೆ ತಿಂದವರ ಗತಿ ಏನು ಹೇಳಿ? ಮೇಲಾಗಿ ಸಸ್ಯಾಹಾರದ ಕಬ್ಬಿಣದಲ್ಲಿ ಹತ್ತರಲ್ಲಿ ಒಂದು ಪಾಲೂ ಮೈಗೆ ಹತ್ತುವುದಿಲ್ಲ.

ಹತ್ತುವಂತೆ ಮಾಡಲು ನಾಲ್ಕು ಉಪಾಯಗಳಿವೆ, ಯಾವುದಕ್ಕೂ ಹೆಚ್ಚು ಖರ್ಚಿಲ್ಲ.

1. ಊಟದ ಜೊತೆ ಹುಳಿ ಇರಲಿ. ನಿಂಬೆ, ನೆಲ್ಲಿಕಾಯಿ, ಸೀಬೆಹಣ್ಣಿನಲ್ಲಿರುವ ಸಿ ಜೀವಸತ್ವ ಕಬ್ಬಿಣ ಹೀರಲು ಸಹಾಯ ಮಾಡುತ್ತದೆ. ಕಾಸಿದರೆ ಅದು ನಶಿಸುವುದರಿಂದ ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ.

2. ಟೀ, ಕಾಫಿ ಊಟದ ಬೆನ್ನಿಗೇ ಬೇಡ. ಅದರ ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಕುಡಿಯಲೇಬೇಕಾದರೆ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಒಂದು ಗಂಟೆ ಆದ ಮೇಲೆ ಕುಡಿಯಿರಿ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಬೆಳಗ್ಗೆಯೇ ಹೋಗುವ ಅಕ್ಕತಂಗಿಯರಿಗೆ ಇದನ್ನು ಮುಖ್ಯವಾಗಿ ಹೇಳಬೇಕು. ಟೀ, ಬನ್ನಿನಲ್ಲಿ ಬೆಳಗು ಕಳೆಯಬೇಡಿ; ಒಂದು ಹಿಡಿ ಕಡಲೆಕಾಯಿ ಬೀಜ ಕಟ್ಟಿಕೊಂಡು ಹೋಗಿ.

3. ಸೊಪ್ಪಿನ ಪಲ್ಯ, ಹುಳಿ ಗೊಜ್ಜನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿ. ಪಾತ್ರೆಯ ಕಬ್ಬಿಣವೂ ಸ್ವಲ್ಪ ಅಡಿಗೆಗೆ ಇಳಿಯುತ್ತದೆ.

4. ಮಾಂಸ ತಿನ್ನುವ ಮನೆಯಾದರೆ ಈಲಿ, ಮಾಂಸದ ಕಬ್ಬಿಣ ಬೇಗ ಹತ್ತುತ್ತದೆ. ಭಾನುವಾರದ ಸಾರಿನ ತುಂಡುಗಳಲ್ಲಿ ನಿಮ್ಮ ಪಾಲೂ ಇರಲಿ.

ರಕ್ತ ತೀರ ಕಡಿಮೆಯಿದ್ದರೆ ಊಟವೊಂದರಿಂದಲೇ ಏರುವುದಿಲ್ಲ, ಮಾತ್ರೆ ಬೇಕೇ ಬೇಕು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕಬ್ಬಿಣದ ಮಾತ್ರೆ ಉಚಿತವಾಗಿ ಸಿಗುತ್ತದೆ. ನಿಂಬೆಹಣ್ಣಿನ ಪಾನಕದ ಜೊತೆ ನುಂಗಿ; ಹಾಲು, ಟೀ, ಕ್ಯಾಲ್ಸಿಯಂ ಮಾತ್ರೆಯ ಜೊತೆ ಬೇಡ. ಮಲ ಕಪ್ಪಗಾದರೆ ಹೆದರಿ ನಿಲ್ಲಿಸಬೇಡಿ, ಅದು ಸಹಜ. ಮುಟ್ಟಿನಲ್ಲಿ ವಿಪರೀತ ಹೋಗುತ್ತಿದ್ದರೆ, ಹೊಟ್ಟೆಯಲ್ಲಿ ಹುಳುವಿನ ಅನುಮಾನವಿದ್ದರೆ ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ. ಸೋರುವ ಕೊಡ ತುಂಬುವುದುಂಟೆ?

ನಮ್ಮ ನೀರಿನ ವಿಷಯ

ಊಟದ ಮಾತಿನಲ್ಲಿ ನೀರೇಕೆ ಎನ್ನಬಹುದು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಇದನ್ನು ಬಿಡುವಂತಿಲ್ಲ. ನಂದಿಬೆಟ್ಟದ ಸುತ್ತ ನದಿಗಳು ಹುಟ್ಟಿದರೂ ವರ್ಷವಿಡೀ ಹರಿಯುವ ಒಂದು ನದಿ ನಮಗಿಲ್ಲ. ಕೊಳವೆಬಾವಿ ಆಳಕ್ಕೆ ಇಳಿಯುತ್ತಾ ಹೋಗಿದೆ. ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳ ಎಷ್ಟೋ ಊರುಗಳಲ್ಲಿ ಆ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ 1.5 ಎನ್ನುವುದು ನಿಯಮ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಗೆರೆ ಮೂಡುತ್ತದೆ. ದೊಡ್ಡವರಿಗೆ ಸೊಂಟ, ಮಂಡಿ ಬಿಗಿದುಕೊಳ್ಳುತ್ತದೆ.

ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ. ಮಳೆನೀರು ಹಿಡಿಯಿರಿ, ಇಲ್ಲವೆ ಶುದ್ಧ ನೀರಿನ ಘಟಕದಿಂದ ಕ್ಯಾನು ತನ್ನಿ. ಆ ನೀರನ್ನು ಕುಡಿಯಲು ಮಾತ್ರ ಇಟ್ಟು, ಮುದ್ದೆಗೂ ಬೇಳೆಗೂ ಕೊಳವೆಬಾವಿ ನೀರು ಸುರಿಯುವವರು ಬಹಳ. ಅಡಿಗೆ ಹೀರಿಕೊಂಡ ನೀರೂ ಹೊಟ್ಟೆಗೇ ಹೋಗುತ್ತದಲ್ಲವೆ? ಇಲ್ಲಿಯೂ ರಾಗಿ, ಮಜ್ಜಿಗೆಯ ಸುಣ್ಣ ನಮ್ಮ ಕಡೆಯೇ. ಊಟದಲ್ಲಿ ಕ್ಯಾಲ್ಸಿಯಂ ಚೆನ್ನಾಗಿದ್ದರೆ ಮೈಗೆ ಸೇರುವ ಫ್ಲೋರೈಡ್ ಕಡಿಮೆಯಾಗುತ್ತದೆ. ಹಾಗೆಂದು ಕೆಟ್ಟ ನೀರು ಕುಡಿಯಬಹುದು ಎಂದಲ್ಲ.

ಕೆಲವು ಅನುಮಾನಗಳು

ಬೀಟ್‌ರೂಟ್ ತಿಂದರೆ ರಕ್ತ ಬರುತ್ತದಂತೆ? – ಬಣ್ಣ ಕೆಂಪು, ಅಷ್ಟೆ. ಅದರಲ್ಲಿ ಕಬ್ಬಿಣ ನೂರಕ್ಕೆ ಸುಮಾರು 1 ಮಿಲಿಗ್ರಾಂ. ಹಸಿರು ಸೊಪ್ಪು ಅದಕ್ಕಿಂತ ಎಷ್ಟೋ ಮೇಲು.

ಸಕ್ಕರೆ ಕಾಯಿಲೆಯವರು ಮುದ್ದೆ ಎಷ್ಟಾದರೂ ತಿನ್ನಬಹುದೆ? – ಇಲ್ಲ. ರಾಗಿಯಲ್ಲಿಯೂ ನೂರಕ್ಕೆ ಸುಮಾರು 70 ಪಾಲು ಪಿಷ್ಟವೇ. ಒಂದು ಚಿಕ್ಕ ಮುದ್ದೆ, ಜೊತೆಗೆ ಹೆಚ್ಚು ಕಾಳು, ಸೊಪ್ಪು ಇರಲಿ. ನುಣ್ಣನೆಯ ಗಂಜಿ ಬೇಗ ಸಕ್ಕರೆ ಏರಿಸುತ್ತದೆ.

ಬಸುರಿ ಜಾಸ್ತಿ ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಂತೆ? – ಕಡಿಮೆ ತಿಂದರೆ ಮಗು ತೂಕವಿಲ್ಲದೆ ಹುಟ್ಟುತ್ತದೆ, ತಾಯಿಗೆ ರಕ್ತ ಸಾಲದೆ ಹೆರಿಗೆಯೇ ಅಪಾಯವಾಗುತ್ತದೆ. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಶುರುವಾದದ್ದೂ ಇದೇ ಕಾರಣಕ್ಕೆ. ನಿಮ್ಮ ಅಂಗನವಾಡಿಯಲ್ಲಿ ಏನು ಸಿಗುತ್ತದೆ ಎಂದು ಕೇಳಿ.

ಬಾಣಂತಿಗೆ ಸೊಪ್ಪು, ನೀರು ಕೊಡಬಾರದಂತೆ? – ಹಾಲೂಡಿಸುವವಳಿಗೆ ಎರಡೂ ಹೆಚ್ಚೇ ಬೇಕು. ಅತ್ತೆಯವರ ಜೊತೆ ವಾದ ಬೇಡ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ ಬಾಣಂತನಕ್ಕೆ ಒಪ್ಪಿದ ಪದಾರ್ಥಗಳೇ, ಅಲ್ಲಿಂದ ಶುರುಮಾಡಿ. ನೀರನ್ನು ಕಾಯಿಸಿ ಆರಿಸಿ ಕೊಟ್ಟರೆ ಯಾರೂ ಬೇಡ ಎನ್ನುವುದಿಲ್ಲ.

ದಿನಕ್ಕೆ ಎಷ್ಟು?

ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಂತೆ, 2000 ಕ್ಯಾಲೊರಿಯ ಒಂದು ದಿನದ ಊಟದಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು (ಅಥವಾ ಮೊಟ್ಟೆ, ಮಾಂಸ) 85 ಗ್ರಾಂ, ಸೊಪ್ಪು-ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಕಡಲೆಕಾಯಿ-ಎಳ್ಳಿನಂಥ ಬೀಜ 35 ಗ್ರಾಂ, ಎಣ್ಣೆ-ತುಪ್ಪ 27 ಗ್ರಾಂ, ಹಾಲು-ಮೊಸರು 300 ಮಿಲಿಲೀಟರ್ ಇರಬೇಕು. ಉಪ್ಪು 5 ಗ್ರಾಂ, ಅಂದರೆ ಒಂದು ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಇದರಲ್ಲೇ ಸೇರಿತು. ತಕ್ಕಡಿ ಹಿಡಿದು ಕೂರಬೇಕಿಲ್ಲ. ತಟ್ಟೆಯ ಅರ್ಧಭಾಗ ಸೊಪ್ಪು, ತರಕಾರಿ, ಹಣ್ಣು ಕಾಣುತ್ತಿದ್ದರೆ ಸರಿಯಾಗಿದೆ ಎಂದು ತಿಳಿಯಿರಿ.

ಮಾಡಿ ನೋಡಿ: ಹುರುಳಿಕಾಳು–ದಂಟಿನಸೊಪ್ಪಿನ ಬಸ್ಸಾರು

ಬೇಕಾಗುವ ಸಾಮಾನು: ಮೊಳಕೆ ಹುರುಳಿಕಾಳು 1 ಪಾವು, ದಂಟಿನಸೊಪ್ಪು 2 ಕಟ್ಟು, ಈರುಳ್ಳಿ 2, ಬೆಳ್ಳುಳ್ಳಿ 1 ಗೆಡ್ಡೆ, ಜೀರಿಗೆ 1 ಚಮಚ, ಮೆಣಸು ಅರ್ಧ ಚಮಚ, ಸಾರಿನ ಪುಡಿ 2 ಚಮಚ, ತೆಂಗಿನತುರಿ 4 ಚಮಚ, ಹುಣಸೆಹಣ್ಣು ಗೋಲಿ ಗಾತ್ರ, ಒಗ್ಗರಣೆಗೆ ಎಣ್ಣೆ, ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ, ರುಚಿಗೆ ಉಪ್ಪು, ಒಂದು ನಿಂಬೆಹಣ್ಣು.

ವಿಧಾನ: ಕಾಳು ಮುಕ್ಕಾಲು ಬೆಂದ ಮೇಲೆ ತೊಳೆದು ಹೆಚ್ಚಿದ ಸೊಪ್ಪು ಹಾಕಿ, ಬೆಂದ ಕೂಡಲೇ ಕಟ್ಟು ಬಸಿದುಕೊಳ್ಳಿ. ಒಂದು ಈರುಳ್ಳಿ, ಅರ್ಧ ಗೆಡ್ಡೆ ಬೆಳ್ಳುಳ್ಳಿ, ಜೀರಿಗೆ, ಮೆಣಸು ಬಾಡಿಸಿ, ಸಾರಿನ ಪುಡಿ, ಅರ್ಧ ತೆಂಗಿನತುರಿ, ಹುಣಸೆಹಣ್ಣು ಮತ್ತು ಬೆಂದ ಕಾಳು-ಸೊಪ್ಪಿನಲ್ಲಿ ಒಂದು ಹಿಡಿ ಸೇರಿಸಿ ನುಣ್ಣಗೆ ರುಬ್ಬಿ. ಇದನ್ನು ಕಟ್ಟಿಗೆ ಬೆರೆಸಿ, ಉಪ್ಪು ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಸಾರು ಸಿದ್ಧ. ಉಳಿದ ಕಾಳು-ಸೊಪ್ಪಿಗೆ ಕಬ್ಬಿಣದ ಬಾಣಲೆಯಲ್ಲಿ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿ, ತೆಂಗಿನತುರಿ ಉದುರಿಸಿ ಇಳಿಸಿ, ನಿಂಬೆಹಣ್ಣು ಹಿಂಡಿ. ಬಿಸಿ ಮುದ್ದೆಗೆ ಸಾರು, ನಂಚಿಕೊಳ್ಳಲು ಪಲ್ಯ.

ಮೊದಲು ಎತ್ತಿಡಿ

ಅತ್ತಿಗೆಗೆ ಡಾಕ್ಟರು ಮಾತ್ರೆ ಬರೆದರು. ನಾನು ಒಂದೇ ಮಾತು ಕೇಳಿಕೊಂಡೆ: “ಎಲ್ಲರ ಜೊತೆ ಕೂರೋಕೆ ಆಗದಿದ್ರೆ ಬೇಡ. ಬಡಿಸೋಕೆ ಮುಂಚೆ ನಿಮ್ಮ ಪಾಲಿನ ಕಾಳು, ಪಲ್ಯ ಒಂದು ಬಟ್ಟಲಲ್ಲಿ ಎತ್ತಿಟ್ಟುಬಿಡಿ.” ಮೊದಮೊದಲು ಅವರಿಗೆ ಅದೇನೋ ಕಳ್ಳತನ ಮಾಡಿದ ಹಾಗೆ ಅನ್ನಿಸಿತಂತೆ. ಎತ್ತಿಟ್ಟದ್ದನ್ನೂ ಕೊನೆಗೆ ಮಗನಿಗೆ ಹಾಕಿಬಿಟ್ಟದ್ದುಂಟು. ಒಂದು ದಿನ ಮಗಳು ಅದನ್ನು ನೋಡಿ, “ಅದು ಅಮ್ಮಂದು, ಯಾರೂ ಮುಟ್ಟಬೇಡಿ” ಅಂದಳಂತೆ. ಅಂದಿನಿಂದ ಬಟ್ಟಲು ಎತ್ತಿಡುವ ಕೆಲಸ ಅವಳದೇ.

ನಾಲ್ಕು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿದಾಗ 11.2 ಗ್ರಾಂ. ಇನ್ನೂ ಹನ್ನೆರಡು ಮುಟ್ಟಬೇಕು, ಮಾತ್ರೆ ನಡೆಯುತ್ತಿದೆ. ಟೀ ಬಿಟ್ಟಿಲ್ಲ, ನಾಲ್ಕು ಗಂಟೆಗೆ ಕುಡಿಯುತ್ತಾರೆ. ಮಹಡಿಯನ್ನು ಮಾತ್ರ ನಡುವೆ ನಿಲ್ಲದೆ ಹತ್ತುತ್ತಾರೆ.

ಇಂದು ರಾತ್ರಿ ಸಾರಿನ ಪಾತ್ರೆ ಒಲೆಯಿಂದ ಇಳಿಸಿದ ಕೂಡಲೇ ನೀವೂ ಒಂದು ಬಟ್ಟಲು ಎತ್ತಿಡಿ. ಮನೆಯಲ್ಲಿ ಬೆಳೆದ ಮಗಳೋ ಸೊಸೆಯೋ ಇದ್ದರೆ ಅವಳಿಗೂ ಒಂದು. ನಿಮ್ಮ ಕಡೆಯ ಬೆರಕೆ ಸೊಪ್ಪಿನ ಸಾರಿನ ವಿಧಾನ ಇದಕ್ಕಿಂತ ಬೇರೆಯಾಗಿದ್ದರೆ ಬರೆದು ಕಳುಹಿಸಿ, ನಮ್ಮ ಉಳಿದ ಓದುಗ ಸೋದರಿಯರೂ ಮಾಡಿ ನೋಡಲಿ.